ಸಂಪಾದಕರ ಉತ್ತರ: ಪತ್ರದ ಹಿಂಬದಿಯ ಎರಡು ಸಾಲು

ಸಿಂಧನೂರು ತಾಲ್ಲೂಕಿನ ಒಂದು ಕ್ಯಾಂಪಿನಿಂದ ನಿವೃತ್ತ ಮಾಸ್ತರರೊಬ್ಬರು ಬರೆದಿದ್ದಾರೆ. ಮಗ ಅಮೆರಿಕದಲ್ಲಿ ಎಂಜಿನಿಯರ್. ಗ್ರೀನ್ ಕಾರ್ಡಿಗೆ (ಅಲ್ಲೇ ಕಾಯಂ ನೆಲೆಸುವ ಪರವಾನಗಿ) ಕಾದು ಕಾದು 11 ವರ್ಷವಾಯಿತಂತೆ. 'ತೆರಿಗೆ ಕಟ್ಟುತ್ತಾನೆ, ಯಾರ ತಂಟೆಗೂ ಹೋಗಲ್ಲ. ಆ ದೇಶದವರಿಗೆ ಈಗ ದಿಢೀರ್ ಅಂತ ನಮ್ಮ ಮೇಲೆ ಯಾಕೆ ಸಿಟ್ಟು?' ಎಂದು ಕೇಳಿದ್ದಾರೆ.

ಮಾಸ್ತರರೇ, ದಿಢೀರ್ ಬಂದ ಸಿಟ್ಟಲ್ಲ ಇದು. ಈಗ ನಮ್ಮ ಪಾಳಿ. ಅದೂ ಎರಡನೇ ಸಲ.

1850ರ ಸುಮಾರಿಗೆ ಐರಿಷರು ಬೈಸಿಕೊಂಡರು. ಆಮೇಲೆ ಚೀನೀಯರು. ಬೆಟ್ಟ ಒಡೆದು ರೈಲು ಹಳಿ ಹಾಕುವಾಗ ಅವರು ಬೇಕಿತ್ತು. 1869ರಲ್ಲಿ ಹಳಿ ಮುಗಿಯಿತು. ಮುಂದೆ ಕೆಲಸಕ್ಕೆ ಬರ ಬಂದಾಗ 'ಕಡಿಮೆ ಕೂಲಿಗೆ ದುಡಿದು ನಮ್ಮ ಹೊಟ್ಟೆ ಮೇಲೆ ಹೊಡೀತಾರೆ' ಎಂಬ ಕೂಗು ಜೋರಾಯಿತು. 1882ರಲ್ಲಿ ಚೀನೀ ಕೂಲಿಕಾರರು ಬರಲೇಬಾರದೆಂದು ಕಾನೂನಾಯಿತು. ಕಡಿಮೆ ಕೂಲಿ ಕೊಟ್ಟ ಧಣಿಗಳನ್ನು ಆ ಕಾನೂನು ಕೇಳಲಿಲ್ಲ. ಅವರಿಗೆ ಓಟಿತ್ತು, ಚೀನೀಯರಿಗೆ ಇರಲಿಲ್ಲ.

ನಮ್ಮ ಮೊದಲ ಪಾಳಿ ಭಗತ್ ಸಿಂಗ್ ಥಿಂಡ್ ಕಾಲದ್ದು. (ನಮ್ಮ ಹುತಾತ್ಮ ಭಗತ್ ಸಿಂಗ್ ಬೇರೆ.) ಥಿಂಡ್ ಪಂಜಾಬಿನವರು, ಅಮೆರಿಕದ ಸೇನೆಯಲ್ಲೇ ಇದ್ದವರು, ಅಲ್ಲಿನ ಪೌರತ್ವ ಕೇಳಿದ್ದರು. ಆಗ ಹೊರಗಿನಿಂದ ಬಂದವರಲ್ಲಿ ಬಿಳಿಯರಿಗೂ ಆಫ್ರಿಕಾ ಮೂಲದವರಿಗೂ ಮಾತ್ರ ಪೌರತ್ವ. ಥಿಂಡ್ ಕೇಸಿನ ತೀರ್ಪಿಗೆ ಮೂರು ತಿಂಗಳ ಮೊದಲು, ಜಪಾನಿನವರೊಬ್ಬರ ಕೇಸಿನಲ್ಲಿ, 'ಬಿಳಿಯ ಅಂದ್ರೆ ಕಕೇಷಿಯನ್' (ಆಗಿನ ಪಂಡಿತರು ಮಾಡಿದ್ದ ಜನಾಂಗ ವಿಂಗಡಣೆಯ ಒಂದು ಹೆಸರು) ಎಂದಿತ್ತು ಅಲ್ಲಿನ ಸುಪ್ರೀಂ ಕೋರ್ಟು. ಸರಿ, ಪಂಡಿತರ ಲೆಕ್ಕದಲ್ಲಿ ನಾನೂ ಕಕೇಷಿಯನ್ನೇ, ಎಂದರು ಥಿಂಡ್. 1923ರಲ್ಲಿ ಅದೇ ಕೋರ್ಟು ಮಾತು ತಿರುಗಿಸಿತು. ಪಂಡಿತರ ಲೆಕ್ಕ ಬೇಡ, ಜನಸಾಮಾನ್ಯರು ಯಾರನ್ನು ಬಿಳಿಯ ಅಂತಾರೋ ಅವರೇ ಬಿಳಿಯರು ಎಂದಿತು! ಪೌರತ್ವ ಸಿಕ್ಕಿದ್ದ ಹಲವು ಭಾರತೀಯರಿಂದಲೂ ಅದನ್ನು ಕಿತ್ತುಕೊಂಡರು.

1924ರ ಕಾನೂನು ಇನ್ನೂ ಜಾಣತನದ್ದು. ಒಂದೊಂದು ದೇಶಕ್ಕೂ ಕೋಟಾ ಇಟ್ಟರು. ಆದರೆ ಲೆಕ್ಕಕ್ಕೆ ಹಿಡಿದಿದ್ದು 1890ರ ಜನಗಣತಿ. ಯಾಕೆ ಗೊತ್ತಾ? ಇಟಲಿಯವರು, ಯಹೂದಿಗಳು ಜಾಸ್ತಿ ಬಂದಿದ್ದೇ ಅದಾದ ಮೇಲೆ. ಏಷ್ಯಾದವರಿಗಂತೂ ಬಾಗಿಲೇ ಮುಚ್ಚಿತು. 1946ರಲ್ಲಿ ನಮಗೆ ಕಿಂಡಿ ತೆರೆಯಿತು, ವರ್ಷಕ್ಕೆ 100 ಜನ. 1965ರಲ್ಲಿ ಆ ಹಳೇ ಕೋಟಾ ಹೋಯಿತು.

ನಿಮ್ಮ ಮಗ ನಿಂತಿರುವ ಸಾಲನ್ನು ಮಾತ್ರ ನಾನು ದ್ವೇಷದ ಲೆಕ್ಕಕ್ಕೆ ಬರೆಯುವುದಿಲ್ಲ. ಕೆಲಸದ ಮೇಲೆ ವರ್ಷವರ್ಷ ಕೊಡುವ ಗ್ರೀನ್ ಕಾರ್ಡುಗಳಲ್ಲಿ ಯಾವ ದೇಶಕ್ಕೂ ಸಾಮಾನ್ಯವಾಗಿ ನೂರಕ್ಕೆ 7ಕ್ಕಿಂತ ಹೆಚ್ಚಿಲ್ಲ ಎಂಬ ಮಿತಿ ಅದು. ಭಾರತಕ್ಕೂ ಅಷ್ಟೇ, ಪುಟ್ಟ ಐಸ್‌ಲ್ಯಾಂಡಿಗೂ ಅಷ್ಟೇ. ನಮ್ಮವರು ಜಾಸ್ತಿ, ಹಾಗಾಗಿ ಸಾಲೂ ಉದ್ದ.

ಇನ್ನು ಪತ್ರದ ಹಿಂಬದಿ. ಬೇರೆ ಪೆನ್ನಿನಲ್ಲಿ ಎರಡು ಸಾಲು ಸೇರಿಸಿದ್ದೀರಿ: 'ನಮ್ಮ ಕಡೆ ರೈಸ್ ಮಿಲ್ಲುಗಳಲ್ಲಿ ಬಿಹಾರದವರೇ ತುಂಬಿದ್ದಾರೆ. ಕಡಿಮೆ ಕೂಲಿಗೆ ಬಂದು ನಮ್ಮ ಹುಡುಗರ ಕೆಲಸ ಕಿತ್ತುಕೊಂಡಿದ್ದಾರೆ, ಇದನ್ನೂ ಬರೆಯಿರಿ.'

ಬರೆಯೋಣ. ಮೊದಲು ಮಿಲ್ಲಿನ ಸಾಹುಕಾರರು ಚೀಲಕ್ಕೆ ಎಷ್ಟು ಹಮಾಲಿ ಕೊಡುತ್ತಾರೆ, ಕೇಳಿ ತಿಳಿಸಿ. ಮತ್ತೆ, ನಿಮ್ಮದು ಕ್ಯಾಂಪು. ತುಂಗಭದ್ರಾ ಕಾಲುವೆಗೆ ನೀರು ಬಂದಾಗ ಆಂಧ್ರದ ಕಡೆಯಿಂದ ಬಂದವರು ಕಟ್ಟಿದ ಊರುಗಳಲ್ವಾ ಅವು? 70 ವರ್ಷವಾದರೂ ಹೆಸರಿನಿಂದ 'ಕ್ಯಾಂಪ್' ಹೋಗಿಲ್ಲ. ಹಿರಿಯರು ಗಂಟುಮೂಟೆ ಇಳಿಸಿದ ದಿನ ಇಲ್ಲಿನವರು ಏನಂದಿದ್ದರಂತೆ? ನೆನಪಿದ್ದಷ್ಟು ಬರೆದು ಕಳಿಸಿ, ಒಂದು ಪುಟ ಖಾಲಿ ಇಟ್ಟಿರುತ್ತೇನೆ.