ಮೂವತ್ತೊಂದನೇ ಸಲದ ಪಾಪನಿವೇದನೆ

ಅವರನ್ನು ಇಲ್ಲಿ ಲೂಸಿ ಅಂತ ಕರೆಯೋಣ. ಹೆಸರು, ವಯಸ್ಸು, ಮನೆಯ ಕೆಲವು ವಿವರ ಬದಲಿಸಿದ್ದೇನೆ. ಬರೆಯಲಾ ಅಂತ ಕೇಳಿದಾಗ ಒಪ್ಪಿಕೊಂಡರು. "ನನ್ನ ಥರದವರು ಇನ್ನೂ ಇದ್ದಾರಾ ಮೇಡಂ?" ಅಂದರು. ಇದ್ದಾರೆ.

46 ವರ್ಷ. ಸಕಲೇಶಪುರದ ಕಡೆ ಒಂದು ಕಾಫಿ ತೋಟದಲ್ಲಿ ಯಜಮಾನರು ರೈಟರ್. ಮಸ್ಟರ್ ಬರೆಯೋದು, ವಾರದ ಬಟವಾಡೆ ಲೆಕ್ಕ ನೋಡೋದು ಅವರ ಕೆಲಸ. ಲೂಸಿ ಮನೆಯಲ್ಲೇ ಹೊಲಿಗೆ ಮಾಡುತ್ತಾರೆ. ಮೊದಲ ಸಲ ಹಾಸನಕ್ಕೆ ಆಪ್ತಸಮಾಲೋಚನೆಗೆ ಅಂತ ನನ್ನ ಹತ್ತಿರ ಬಂದಾಗ ನಿದ್ದೆ ಬರೋಲ್ಲ ಅಂದರು, ಅಷ್ಟೇ. ಯಜಮಾನರು ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಅರ್ಧ ಗಂಟೆ ಅದೂ ಇದೂ ಮಾತಾಡಿದ ಮೇಲೆ ಲೂಸಿ ಬ್ಯಾಗಿನಿಂದ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ್ದ ಒಂದು ನೋಟ್‌ಬುಕ್ ತೆಗೆದರು. ಮಕ್ಕಳು ಕಾಪಿ ಬರೆಯೋ ಎರಡು ಗೆರೆಯ ಪುಸ್ತಕ.

ಸ್ಕೇಲ್ ಇಟ್ಟು ಗೆರೆ ಹಾಕಿದ್ದರು. ಮೊದಲು ತಾರೀಕು. ಪಕ್ಕದಲ್ಲಿ ಊರು. ಆಮೇಲೆ "ಹೇಳಿದೆ" ಅಂತ ಒಂದು ರೈಟ್ ಗುರುತು. ಕೊನೆಯಲ್ಲಿ "ಸಮಾಧಾನ" ಅಂತ ಒಂದು ಕಾಲಂ. ಮೊದಲನೇ ಸಾಲಿನಲ್ಲಿ "3 ವಾರ" ಅಂತಿತ್ತು. ನಾಲ್ಕನೆಯದರಲ್ಲಿ "5 ದಿನ". ಹದಿನೈದರ ಹತ್ತಿರ "1 ದಿನ". ಮೂವತ್ತೊಂದನೆಯ ಸಾಲಿನಲ್ಲಿ ಬರೆದಿದ್ದರು: "ಬಸ್‌ಸ್ಟ್ಯಾಂಡ್ ತನಕ."

ಒಂದೇ ಪಾಪ, 31 ಸಲ ನಿವೇದನೆ. ಅಂದರೆ ಚರ್ಚಿನ ಫಾದರ್ ಹತ್ತಿರ ತಪ್ಪು ಹೇಳಿಕೊಂಡು ದೇವರ ಕ್ಷಮೆ ಪಡೆಯುವುದು. ತಮ್ಮ ಊರಿನ ಚರ್ಚು, ಹಾಸನ, ಚಿಕ್ಕಮಗಳೂರಿನ ಕೆಥೆಡ್ರಲ್, ಮಂಗಳೂರು, ಒಮ್ಮೆ ವೇಳಾಂಕಣಿ. ಪ್ರತಿ ಸಲ ಬೇರೆ ಫಾದರ್ ಆಗಬೇಕು. ಇಲ್ಲದಿದ್ದರೆ ಅವರು "ಆಗಲೇ ಹೇಳಿದ್ದೀರಲ್ಲಮ್ಮ" ಅನ್ನುತ್ತಾರೆ. ಒಂದು ಬೇಸಿಗೆಯಲ್ಲಿ ಶೆಟ್ಟಿಹಳ್ಳಿಯ ಪಾಳು ಚರ್ಚಿಗೂ ಹೋಗಿದ್ದರು. ಹೇಮಾವತಿ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗಿ ಬೇಸಿಗೆಗೆ ಏಳುತ್ತದಲ್ಲ, ಅದೇ. ಅಲ್ಲಿ ಫಾದರ್ ಎಲ್ಲಿಂದ ಬರಬೇಕು? ಸೆಲ್ಫಿ ತೆಗೆಯೋರ ಮಧ್ಯೆ ಗೋಡೆಗೆ ಮುಖ ಮಾಡಿ ನಿಂತು ಮೆಲ್ಲಗೆ ಹೇಳಿ ಬಂದರಂತೆ. ಅದನ್ನು ನೋಟ್‌ಬುಕ್‌ನಲ್ಲಿ ಬರೆದಿರಲಿಲ್ಲ. "ಲೆಕ್ಕಕ್ಕೆ ಬರಲ್ಲ ಅಲ್ವಾ ಮೇಡಂ?" ಅಂದರು.

ಆಗಿದ್ದು ಇಷ್ಟು. ನಾಲ್ಕು ವರ್ಷದ ಹಿಂದಿನ ಜುಲೈ. ಅತ್ತೆಗೆ ಲಕ್ವ ಹೊಡೆದು ಎಂಟು ತಿಂಗಳಾಗಿತ್ತು. ಮಲೆನಾಡಿನ ಮಳೆ ಗೊತ್ತಲ್ಲ, ಒಗೆದ ಬಟ್ಟೆ ವಾರವಾದರೂ ಒಣಗೋಲ್ಲ. ಒಲೆಯ ಮೇಲೆ ತಂತಿ ಕಟ್ಟಿ ಹೊಗೆಯಲ್ಲೇ ಒಣಗಿಸಬೇಕು. ಆ ರಾತ್ರಿ ಅತ್ತೆಯ ಹಾಸಿಗೆ ಮೂರನೇ ಸಲ ಒದ್ದೆಯಾಗಿತ್ತು. ಒಣಗಿದ ಬಟ್ಟೆ ಒಂದೂ ಉಳಿದಿರಲಿಲ್ಲ. ಕರೆಂಟಿಲ್ಲ. ಕೊನೆಗೆ ತಮ್ಮದೇ ಸೀರೆ ಮಡಿಸಿ ಹಾಸುತ್ತಿದ್ದಾಗ ಅತ್ತೆ, "ಫಾದರ್‌ನ ಕರೆಸೇ" ಅಂದರು. ಲೂಸಿ ರೇಗಿದರು. "ಈ ಮಳೇಲಿ ಯಾವ ಫಾದರ್ ಬರ್ತಾರೆ? ನಂಗೂ ಸಾಕಾಗಿದೆ. ಸುಮ್ನೆ ಮಲಗಿ, ಬೆಳಿಗ್ಗೆ ನೋಡೋಣ." ಬೆಳಿಗ್ಗೆ ಐದಕ್ಕೆ ಎದ್ದು ಮುಟ್ಟಿದರೆ ಮೈ ತಣ್ಣಗಾಗಿತ್ತು.

ರೋಗಿಗಳ ಅಭ್ಯಂಗ, ಅಂದರೆ ಫಾದರ್ ಬಂದು ಎಣ್ಣೆ ಹಚ್ಚಿ ಪ್ರಾರ್ಥಿಸುವ ಸಂಸ್ಕಾರ, ಅದು ಅತ್ತೆಗೆ ಸಿಗಲಿಲ್ಲ. ಅವರ ಆತ್ಮಕ್ಕೆ ಏನಾದರೂ ಆದರೆ ಅದಕ್ಕೆ ನಾನೇ ಹೊಣೆ, ಇದು ಲೂಸಿಯ ಎದೆಯಲ್ಲಿ ಕೂತುಬಿಟ್ಟ ಮಾತು. ಎರಡು ವರ್ಷದಿಂದ ಪರಮಪ್ರಸಾದ, ಅಂದರೆ ಪೂಜೆಯಲ್ಲಿ ಯೇಸುವಿನ ಶರೀರ ಅಂತ ಕೊಡುವ ರೊಟ್ಟಿ, ತೆಗೆದುಕೊಂಡಿರಲಿಲ್ಲ. ಭಾನುವಾರದ ಪೂಜೆಗೆ ತಪ್ಪದೆ ಹೋಗಿ, ಎಲ್ಲರೂ ಸಾಲಿಗೆ ಎದ್ದಾಗ ತಾವು ಕೂತೇ ಇರುತ್ತಿದ್ದರು.

ಈಗ ನನ್ನ ತಪ್ಪು ಹೇಳಿಬಿಡುತ್ತೇನೆ. ಅವತ್ತು ನಾನು ಅವರಿಗೆ ಚೆನ್ನಾಗಿ ಸಮಾಧಾನ ಹೇಳಿ ಕಳಿಸಿದೆ. ನೀವು ಎಂಟು ತಿಂಗಳು ನೋಡಿಕೊಂಡಿದ್ದೀರಿ, ರಸ್ತೆಗೆ ಮರ ಬಿದ್ದಿತ್ತು, ಫೋನಿಗೆ ಸಿಗ್ನಲ್ ಇರಲಿಲ್ಲ, ದೇವರಿಗೆ ಇದೆಲ್ಲ ಗೊತ್ತಿಲ್ವಾ, ಅಂತೆಲ್ಲ. ಮುಖ ಅರಳಿತು. ನನಗೂ ಖುಷಿಯಾಯಿತು. ಮಾರನೇ ದಿನ ಬೆಳಿಗ್ಗೆ ಎಂಟಕ್ಕೆ ಫೋನ್: "ಮೇಡಂ, ನಾನು ನಿಮಗೆ ಎಲ್ಲಾ ಸರಿಯಾಗಿ ಹೇಳಿದ್ನಾ? 'ನಂಗೂ ಸಾಕಾಗಿದೆ' ಅಂದಿದ್ದು ಹೇಳಿದ್ನಾ?" ನಾನೂ ಅವರ ನೋಟ್‌ಬುಕ್‌ನಲ್ಲಿ ಒಂದು ಸಾಲಾಗಿದ್ದೆ, ಅಷ್ಟೇ.

ಇದಕ್ಕೆ ಗೀಳು ಅಂತ ಹೆಸರು. ಬೀಗ ಹಾಕಿದ್ದೀನಾ ಅಂತ ಹತ್ತು ಸಲ ಎಳೆದು ನೋಡುವವರಿಗೂ, ಕೈ ತೊಳೆದದ್ದು ಸಾಲದು ಅಂತ ಮತ್ತೆ ಮತ್ತೆ ತೊಳೆಯುವವರಿಗೂ ಇರುವುದು ಇದೇ. ಲೂಸಿಯ ವಿಷಯದಲ್ಲಿ ಅದು ಭಕ್ತಿಯ ಬಟ್ಟೆ ಹಾಕಿಕೊಂಡು ಬಂದಿತ್ತು. ನಂಬಿಕೆ ಕಮ್ಮಿಯಾಗಿ ಬರುವ ಕಾಯಿಲೆಯಲ್ಲ ಇದು. ತಪ್ಪು ನಿಜ ಇರಬಹುದು, ಪಶ್ಚಾತ್ತಾಪವೂ ನಿಜ ಇರಬಹುದು. ಕಾಯಿಲೆ ಇರುವುದು, ಕ್ಷಮೆ ಸಿಕ್ಕಿತಾ ಅಂತ ಮತ್ತೆ ಮತ್ತೆ ಮುಟ್ಟಿ ನೋಡುವುದರಲ್ಲಿ. ಕೆರೆದಷ್ಟೂ ಕಜ್ಜಿ ಹೆಚ್ಚುತ್ತದಲ್ಲ, ಹಾಗೆ.

ಸಾಯುವ ಯೋಚನೆ ಬರುತ್ತಾ ಅಂತ ನೇರವಾಗಿಯೇ ಕೇಳಿದೆ. ಇಲ್ಲ ಅಂದರು. ಇಂಥ ಪ್ರಶ್ನೆ ಕೇಳಿದರೆ ಆ ಯೋಚನೆ ತಲೆಗೆ ಹೊಗುತ್ತದೆ ಅಂತ ಕೆಲವರು ಹೆದರುತ್ತಾರೆ. ಹಾಗೇನೂ ಆಗುವುದಿಲ್ಲ, ಕೇಳಬೇಕು. ಮನೋವೈದ್ಯರ ಹತ್ತಿರ ಕಳಿಸಿದೆ. ಅವರು ಮಾತ್ರೆ ಶುರು ಮಾಡಿದರು. ಗೀಳಿಗೆ ಮಾತ್ರೆ ಹಿಡಿಯಲು ವಾರಗಟ್ಟಲೆ ಬೇಕು, ಹತ್ತು ದಿನಕ್ಕೇ ಪ್ರಯೋಜನ ಇಲ್ಲ ಅಂತ ಬಿಡಬೇಡಿ ಅಂದಿದ್ದೆ. ರಾತ್ರಿ ಹೊತ್ತು ತೀರಾ ಕಷ್ಟವಾದರೆ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನೂ ಬರೆದುಕೊಟ್ಟೆ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ.

ಆದರೆ ಒಂದು ತೊಡಕು. ನಾನು ಕ್ರೈಸ್ತಳಲ್ಲ. "ಮತ್ತೆ ಪಾಪನಿವೇದನೆ ಮಾಡಬೇಡಿ" ಅಂತ ನಾನು ಹೇಳಿದರೆ ಅವರು ಯಾಕೆ ಕೇಳಬೇಕು? ಅದೂ ಒಂದು ಹೊಸ ಪಾಪ ಅಂತ ಹೆದರಬಹುದು. ಅವರ ಒಪ್ಪಿಗೆ ಪಡೆದು ಊರಿನ ಫಾದರ್‌ಗೆ ಫೋನ್ ಮಾಡಿದೆ. ಚಿಕ್ಕ ವಯಸ್ಸಿನವರು, ಬೈಕಿನಲ್ಲೇ ಬಂದರು. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಫಾದರ್‌ಗಳು ಎಲ್ಲೂ ಬಾಯಿ ಬಿಡುವಂತಿಲ್ಲ. ಹಾಗಾಗಿ ಲೂಸಿಯೇ ಮೊದಲಿಂದ ಎಲ್ಲ ಹೇಳಿದರು. ಫಾದರ್ ಇದೇ ಮೊದಲ ಸಲ ಕೇಳುವವರ ಹಾಗೆ ಕೇಳಿಸಿಕೊಂಡರು.

ಅವತ್ತು ನಾನು ಸುಮ್ಮನೆ ಕೂತು ಕಲಿತದ್ದೇ ಜಾಸ್ತಿ. ಫಾದರ್ ಮೊದಲು ಎರಡು ವಿಷಯ ಬಿಡಿಸಿದರು. ಕಾಯಿಲೆಯ ಅತ್ತೆಯ ಮೇಲೆ ರೇಗಿದ್ದು ತಪ್ಪೇ. ಅದನ್ನು ಇಲ್ಲ ಅನ್ನಲಿಲ್ಲ, ನನ್ನ ಹಾಗೆ ತೇಲಿಸಲೂ ಇಲ್ಲ. ಆದರೆ ಅದನ್ನು ಮೊದಲನೇ ಸಲ ಹೇಳಿ ಪಾಪವಿಮೋಚನೆ ಪಡೆದಾಗಲೇ ಅದು ಮುಗಿಯಿತು. ಆ ಮೇಲೆ ನಿಮಗೆ ಹಗುರ ಅನ್ನಿಸಿತೋ ಇಲ್ಲವೋ, ಕ್ಷಮೆ ಅದರ ಮೇಲೆ ನಿಂತಿಲ್ಲ ಅಂದರು. ಎರಡನೆಯದು ಅತ್ತೆಯ ಆತ್ಮ. "ಸಂಸ್ಕಾರಗಳಿಗೆ ಕಟ್ಟುಬಿದ್ದವರು ನಾವಮ್ಮ, ದೇವರಲ್ಲ. ಮರ ಬಿದ್ದರೆ ನನ್ನ ಬೈಕ್ ನಿಲ್ಲುತ್ತೆ, ಅವನು ನಿಲ್ತಾನಾ?"

ಪರಮಪ್ರಸಾದದ ಮಾತು ಬಂತು. "ನಾನು ಯೋಗ್ಯಳಲ್ಲ ಫಾದರ್" ಅಂದರು ಲೂಸಿ. ಫಾದರ್ ನಕ್ಕುಬಿಟ್ಟರು. "ಸಾಲಿಗೆ ಏಳೋ ಮುಂಚೆ ಎಲ್ಲರೂ ಸೇರಿ ಏನು ಹೇಳ್ತೀವಿ?" ಪ್ರಭುವೇ, ನೀವು ನನ್ನಲ್ಲಿಗೆ ಬರಲು ನಾನು ಯೋಗ್ಯನಲ್ಲ ಅನ್ನುವ ಅರ್ಥದ ಮಾತನ್ನೇ ಅಲ್ಲಿ ಎಲ್ಲರೂ ಹೇಳುವುದಂತೆ. ಸುವಾರ್ತೆಯಲ್ಲಿ ತನ್ನ ಆಳಿಗೆ ಹುಷಾರಿಲ್ಲದಾಗ ಒಬ್ಬ ರೋಮನ್ ಸೈನ್ಯಾಧಿಕಾರಿ ಯೇಸುವಿಗೆ ಹೇಳಿದ ಮಾತು ಅದು. "ಯೋಗ್ಯರು ಬನ್ನಿ ಅಂತ ನಾವು ಯಾವತ್ತು ಕರೆದಿದ್ದೀವಿ? ಅಲ್ಲ ಅಂತ ಹೇಳಿಯೇ ಬರೋದು." ಎರಡು ವರ್ಷ ಕೂತ ಜಾಗದಲ್ಲಿ ಕೂತು ಲೂಸಿ ಆ ಮಾತು ಹೇಳಿದ್ದರು. ಹೇಳಿ, ಏಳದೆ ಇದ್ದರು.

ಸಂತ ಇಗ್ನೇಷಿಯಸ್ ಲೊಯೋಲಾರ ಕಥೆಯನ್ನೂ ಹೇಳಿದರು. ಯೇಸುಸಭೆ ಅನ್ನುವ ಕ್ಯಾಥೊಲಿಕ್ ಸನ್ಯಾಸಿಗಳ ಸಂಘ ಕಟ್ಟಿದವರು. 1522ರಲ್ಲಿ ಸ್ಪೇನಿನ ಮನ್ರೇಸಾದಲ್ಲಿದ್ದಾಗ ಅವರಿಗೂ ಇದೇ ಕಾಟ. ಹೇಳಿದ್ದನ್ನೇ ಹೇಳುವುದು, ಏನೋ ಬಿಟ್ಟುಹೋಯಿತು ಅನ್ನುವುದು. ಸ್ಪಷ್ಟವಾಗಿ ಇರುವುದನ್ನು ಬಿಟ್ಟು ಹಳೆಯದು ಏನನ್ನೂ ಹೇಳಬೇಡ ಅಂತ ಅವರ ಗುರುಗಳು ಅಪ್ಪಣೆ ಕೊಟ್ಟರು. ಇಗ್ನೇಷಿಯಸ್‌ಗೆ ಎಲ್ಲವೂ ಸ್ಪಷ್ಟವಾಗಿಯೇ ಕಾಣುತ್ತಿತ್ತಂತೆ! ಲೂಸಿ ಅವತ್ತು ಮೊದಲ ಸಲ ನಕ್ಕರು. ನನಗಂತೂ ಅದು ಔಷಧಿ ಚೀಟಿಯ ಹಾಗೆ ಕಂಡಿತು. "ಅಗತ್ಯ ಇದ್ದರೆ ಮಾತ್ರ" ಅನ್ನುವ ಮಾತು ಗೀಳಿರುವವರಿಗೆ ಕೊಡಬಾರದು. ಅವರಿಗೆ ಯಾವಾಗಲೂ ಅಗತ್ಯ ಇರುತ್ತದೆ.

ಆದ್ದರಿಂದ ಸಂದು ಬಿಡದೆ ಗೆರೆ ಹಾಕಿದೆವು. ಫಾದರ್ ಒಬ್ಬರೇ, ಊರಿನವರು. ತಿಂಗಳಿಗೆ ಒಂದು ಸಲ. ಆ ರಾತ್ರಿಯ ಮಾತು ಮಾತ್ರ ಎತ್ತುವ ಹಾಗಿಲ್ಲ. ಎತ್ತಿದರೆ "ಅದು ಆಗಿದೆ" ಅಂತ ಫಾದರ್ ಮುಂದಕ್ಕೆ ಹೋಗುತ್ತಾರೆ. ಹೇಳಲೇಬೇಕು ಅನ್ನಿಸಿದಾಗ ಬಸ್ ಹತ್ತದೆ ಗಡಿಯಾರ ನೋಡಿ, ಹತ್ತು ನಿಮಿಷಕ್ಕೊಮ್ಮೆ ಸಂಕಟಕ್ಕೆ ಹತ್ತಕ್ಕೆ ಎಷ್ಟು ಅಂತ ನಂಬರ್ ಕೊಡಬೇಕು. ಮೊದಲ ದಿನ 9ರಿಂದ ಶುರುವಾಗಿ, 9, 10, 8, ಐವತ್ತನೇ ನಿಮಿಷಕ್ಕೆ 5. ಯಾರೂ ಏನೂ ಹೇಳಿರಲಿಲ್ಲ. ತಾನಾಗೇ ಇಳಿದಿತ್ತು. ಅದನ್ನು ಮೂರು ಸಲ ಕೇಳಿದರು, "ತಾನಾಗೇ?" ಅಂತ.

ಜಾಸ್ತಿ ಕಷ್ಟವಾಗಿದ್ದು ಯಜಮಾನರಿಗೆ. ನಾಲ್ಕು ವರ್ಷದಿಂದ ರಾತ್ರಿ ಎಷ್ಟು ಸಲ ಕೇಳಿದರೂ "ಅಮ್ಮ ಸ್ವರ್ಗದಲ್ಲೇ ಇದ್ದಾರೆ ಕಣೆ" ಅಂತ ಹೇಳಿಕೊಂಡು ಬಂದವರು. ಸತ್ತದ್ದು ಅವರ ಅಮ್ಮ, ಅದನ್ನು ಎಲ್ಲರೂ ಮರೆತಿದ್ದೆವು. ಇನ್ನು ಮೇಲೆ "ಗೊತ್ತಿಲ್ಲ ಕಣೆ" ಅನ್ನಿ ಅಂದಾಗ ಅವರ ಕಣ್ಣು ತುಂಬಿತು. "ಅಷ್ಟು ಕಲ್ಲು ಮನಸ್ಸು ಮಾಡ್ಬೇಕಾ ಮೇಡಂ?" ಉತ್ತರ ಕೊಟ್ಟಷ್ಟೂ ಪ್ರಶ್ನೆ ಬೆಳೆಯುತ್ತದೆ, ಇದು ಕಲ್ಲು ಮನಸ್ಸಲ್ಲ ಅಂತ ನಾನು ವಿವರಿಸಿದೆ. ಪೂರ್ತಿ ಒಪ್ಪಲಿಲ್ಲ ಅನ್ನಿಸುತ್ತದೆ, ಆದರೂ ಮಾಡಿದರು.

ಮೂರನೇ ತಿಂಗಳಿಗೆ ಲೂಸಿ ಪರಮಪ್ರಸಾದದ ಸಾಲಿಗೆ ಎದ್ದರು. ಸಂಶಯ ಹೋಗಿರಲಿಲ್ಲ. ಸಂಶಯವನ್ನು ಜೊತೆಗೇ ಕರೆದುಕೊಂಡು ಹೋದರು. ಆಮೇಲೆ ತೋಟದ ಕೂಲಿಯವರ ಲೈನ್ ಮನೆಯ ಒಬ್ಬ ಮುದುಕಿಗೆ ಗಂಜಿ ತೆಗೆದುಕೊಂಡು ಹೋಗಲು ಶುರು ಮಾಡಿದ್ದರು. ಒಳ್ಳೆಯದೇ, ಆದರೂ ನನಗೆ ಅಳುಕಾಯಿತು. ಇದೂ ಸಾಲ ತೀರಿಸೋ ಕಂತಾದರೆ? ಒಂದು ವಾರ ಹೋಗಬೇಡಿ, ಏನಾಗುತ್ತೆ ನೋಡೋಣ ಅಂದೆ. ಮರುವಾರ ಬಂದು, "ಏನೂ ಆಗ್ಲಿಲ್ಲ ಮೇಡಂ. ಅಜ್ಜಿಗೇ ಬೇಜಾರಾಯ್ತು" ಅಂದರು. ಹಾಗಾದರೆ ಹೋಗಿ ಅಂದೆ.

ಕಳೆದ ವಾರ ಯಜಮಾನರು ಒಬ್ಬರೇ ಬಂದಿದ್ದರು. ಜುಲೈ ತಿಂಗಳು, ಅದೇ ಮಳೆ, ರಾತ್ರಿ ಕರೆಂಟ್ ಹೋಗಿತ್ತಂತೆ. ಲೂಸಿ ಎದ್ದು ಕೂತು ಕೇಳಿದರಂತೆ: "ಅತ್ತೆಗೆ ಏನಾಗಿರುತ್ತೆ ಅಂತೀರಿ?"

"ಗೊತ್ತಿಲ್ಲ ಕಣೆ, ಮಲಗು ಅಂದೆ ಮೇಡಂ. ಮಲಗಿಬಿಟ್ಟಳು. ಗೊರಕೆನೂ ಬಂತು."

"ಒಳ್ಳೇದಾಯ್ತಲ್ಲ."

"ನನಗೇ ನಿದ್ದೆ ಬರ್ಲಿಲ್ಲ. ಮತ್ತೆ ಏಳ್ತಾಳೇನೋ ಅಂತ ಬೆಳಗಾಗೋ ತನಕ ಟಾರ್ಚ್ ಹಾಕಿ ಹಾಕಿ ನೋಡ್ತಾ ಇದ್ದೆ."

ಮುಂದಿನ ಗುರುವಾರ ಅವರಿಗೇ ಟೈಮ್ ಕೊಟ್ಟಿದ್ದೇನೆ.