ಬ್ರಿಟಿಷರ ಕಾನೂನೇ ನಮ್ಮದೂ ಅಲ್ಲವೇ? ಪೆಪ್ಪರ್ ಸ್ಪ್ರೇ ಒಯ್ದರೆ ತಪ್ಪೇನು?

ಪ್ರಶ್ನೆ: ಮಗಳು ಎಂ.ಎಸ್ಸಿ. ಓದಲು ಇಂಗ್ಲೆಂಡಿನ ಲೀಡ್ಸ್‌ಗೆ ಹೊರಟಿದ್ದಾಳೆ. ರಾತ್ರಿ ಒಬ್ಬಳೇ ರೂಮಿಗೆ ಬರಬೇಕಾದೀತೆಂದು ಪೆಪ್ಪರ್ ಸ್ಪ್ರೇ ತಂದು ಸೂಟ್‌ಕೇಸಿನಲ್ಲಿ ಇಟ್ಟಿದ್ದೇವೆ. ನಮ್ಮ ಐಪಿಸಿ ಬರೆದವರೇ ಬ್ರಿಟಿಷರು. ಆತ್ಮರಕ್ಷಣೆಯ ಕಾನೂನು ಅಲ್ಲೂ ಇಲ್ಲೂ ಒಂದೇ ತಾನೆ?
– ಎಸ್.ಆರ್., ಹಾಸನ

ಉತ್ತರ: ಮೊದಲು ಆ ಡಬ್ಬಿಯನ್ನು ಸೂಟ್‌ಕೇಸಿನಿಂದ ತೆಗೆದುಬಿಡಿ, ಉಳಿದದ್ದು ಆಮೇಲೆ. ಬ್ರಿಟನ್ನಿನ 1968ರ ಫೈರ್‌ಆರ್ಮ್ಸ್ ಆಕ್ಟ್‌ನ 5ನೇ ಕಲಂ ಪ್ರಕಾರ ಪೆಪ್ಪರ್ ಸ್ಪ್ರೇ ನಿಷೇಧಿತ ಆಯುಧ. ಪಿಸ್ತೂಲು ಬರುವುದೂ ಅದೇ ಕಲಮಿನಲ್ಲಿ. ಬಳಸುವುದು ಹಾಗಿರಲಿ, ಬ್ಯಾಗಿನಲ್ಲಿ ಇಟ್ಟುಕೊಂಡರೇ ಅಪರಾಧ. ಜೋರಾಗಿ ಕಿರುಚುವ ಪುಟ್ಟ ಅಲಾರಂ ಅಲ್ಲಿ ಸಿಗುತ್ತದೆ, ಅದಕ್ಕೆ ಅಡ್ಡಿಯಿಲ್ಲ.

ನಮ್ಮಲ್ಲಿ ಸ್ಪ್ರೇ ಇಟ್ಟುಕೊಳ್ಳಲು ತಡೆಯಿಲ್ಲ, ಆದರೆ ಬಳಸಿದ್ದಕ್ಕೆ ಲೆಕ್ಕ ಕೊಡಬೇಕು. ಪೆಪ್ಪರ್ ಸ್ಪ್ರೇ ಅಪಾಯಕಾರಿ ಆಯುಧವೇ ಎಂದ ಕರ್ನಾಟಕ ಹೈಕೋರ್ಟ್, 2024ರಲ್ಲಿ, ಆತ್ಮರಕ್ಷಣೆಗೆ ಬಳಸಿದೆವು ಎಂದವರ ಮೇಲಿನ ಕೇಸು ರದ್ದುಮಾಡಲು ಒಪ್ಪಲಿಲ್ಲ.

ಇನ್ನು ನಿಮ್ಮ ಮೂಲ ಪ್ರಶ್ನೆ. ಬೇರು ಒಂದೇ, ನಿಜ. ಬೇಕಾದಷ್ಟೇ ಬಲ ಬಳಸು ಎನ್ನುವುದು ಎರಡೂ ಕಡೆಯ ನಿಯಮ. ಪೆಟ್ಟು ತಿನ್ನುತ್ತಿರುವವನು ತನ್ನ ಏಟನ್ನು ಚಿನ್ನದ ತಕ್ಕಡಿಯಲ್ಲಿ ತೂಗಲಾರ ಎಂದು ನಮ್ಮ ಸುಪ್ರೀಂ ಕೋರ್ಟ್ ಹೇಳುತ್ತದೆ. ಜಮೈಕಾದಿಂದ ಬಂದ ಪಾಮರ್ ಪ್ರಕರಣದಲ್ಲಿ ಆ ದೇಶದ ಕೊನೆಯ ಮೇಲ್ಮನವಿ ಕೋರ್ಟಾದ ಲಂಡನ್ನಿನ ಪ್ರಿವಿ ಕೌನ್ಸಿಲ್ 1971ರಲ್ಲಿ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ.

ದಾರಿ ಕವಲೊಡೆಯುವುದು ಗೆರೆ ದಾಟಿದಾಗ. ಹಲ್ಲೆಗಾರ ಸತ್ತ, ಏಟು ಅಗತ್ಯಕ್ಕಿಂತ ಹೆಚ್ಚಾಯಿತು ಎನ್ನಿ. ನಮ್ಮಲ್ಲಿ ಸದ್ಭಾವನೆಯಿಂದ, ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡುವ ಉದ್ದೇಶವಿಲ್ಲದೆ ಮಿತಿ ಮೀರಿದ್ದರೆ ಅದು ಕೊಲೆಯಲ್ಲ, ಕೊಲೆಯಲ್ಲದ ಮಾನವಹತ್ಯೆ. ಐಪಿಸಿ 300ರ ಎರಡನೇ ಅಪವಾದ ಇದು. ಐಪಿಸಿಯ ಬದಲಿಗೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 101ನೇ ಕಲಮಿನಲ್ಲೂ ಉಳಿದಿದೆ. ಇಂಗ್ಲೆಂಡಿನಲ್ಲಿ ಇಂಥ ನಡುಮೆಟ್ಟಿಲು ಇಲ್ಲ: ಆತ್ಮರಕ್ಷಣೆ ಒಪ್ಪಿತವಾದರೆ ಪೂರ್ತಿ ಬಿಡುಗಡೆ, ಬಿದ್ದುಹೋದರೆ ಕೊಲೆ, ಕೊಲೆಗೆ ಕಡ್ಡಾಯ ಜೀವಾವಧಿ. 1999ರಲ್ಲಿ ನಾರ್ಫೋಕ್‌ನ ರೈತ ಟೋನಿ ಮಾರ್ಟಿನ್ ಮನೆಗೆ ನುಗ್ಗಿದ ಹದಿನಾರರ ಹುಡುಗನನ್ನು ಗುಂಡಿಟ್ಟು ಕೊಂದ. ಜ್ಯೂರಿ ಕೊಲೆ ಎಂದಿತು. ಮೇಲ್ಮನವಿಯಲ್ಲಿ ಶಿಕ್ಷೆ ತಗ್ಗಿದ್ದು ಅವನ ಮಾನಸಿಕ ಸ್ಥಿತಿಯ ಕಾರಣಕ್ಕೇ ಹೊರತು ಆತ್ಮರಕ್ಷಣೆಗಲ್ಲ. ಈ ವಿಷಯದಲ್ಲಿ ಶಿಷ್ಯನ ಕಾನೂನೇ ಗುರುವಿನದಕ್ಕಿಂತ ಮೇಲು ಎಂಬುದು ನನ್ನ ಅಭಿಪ್ರಾಯ. 2013ರಲ್ಲಿ ಅಲ್ಲಿನ ಸಂಸತ್ತು, ಮನೆಗೆ ನುಗ್ಗಿದವನ ವಿರುದ್ಧ ಬಳಸಿದ ಬಲ ಸ್ವಲ್ಪ ಅತಿಯಾದರೂ ಅಷ್ಟಕ್ಕೇ ಸಮರ್ಥನೆ ಬೀಳದಂತೆ ತಿದ್ದುಪಡಿ ತಂದಿತು. ಆದರೂ ಸಂದರ್ಭಕ್ಕೆ ಅದು ನ್ಯಾಯವೆನಿಸಬೇಕು.

ಸಾಬೀತಿನ ಹೊರೆ ಮಾತ್ರ ಅಲ್ಲೇ ಹಗುರ. ನಮ್ಮಲ್ಲಿ ಆತ್ಮರಕ್ಷಣೆ ಎಂದವರೇ ಅದು ಸಂಭವನೀಯವೆಂದು ತೋರಿಸಬೇಕು. ಇಂಗ್ಲೆಂಡಿನಲ್ಲಿ ಪ್ರಶ್ನೆ ಎದ್ದ ಮೇಲೆ, ಅಲ್ಲವೆಂದು ಸಾಬೀತು ಮಾಡುವುದು ಪ್ರಾಸಿಕ್ಯೂಷನ್ ಕೆಲಸ.

ಅಮೆರಿಕದ್ದು ರಾಜ್ಯಕ್ಕೊಂದು ಕಥೆ: 2005ರಿಂದ ಫ್ಲೋರಿಡಾದಲ್ಲಿ ಮನೆಯ ಹೊರಗೂ ಎದುರೇಟಿಗೆ ಮುನ್ನ ಹಿಂದೆ ಸರಿಯಬೇಕಿಲ್ಲ, ನ್ಯೂಯಾರ್ಕಿನ ಬೀದಿಯಲ್ಲಾದರೆ, ಸುರಕ್ಷಿತವಾಗಿ ಪಾರಾಗುವ ದಾರಿಯಿದ್ದೂ ಪ್ರಾಣ ತೆಗೆದರೆ ಸಮರ್ಥನೆ ಸಾಮಾನ್ಯವಾಗಿ ನಿಲ್ಲದು. ಕೆನಡಾಕ್ಕೆ ಹೋಗುವವರಿದ್ದರೆ ಅವರಿಗೂ ತಿಳಿಸಿ, ಕರಡಿ ಓಡಿಸುವ ಸ್ಪ್ರೇ ಅಂಗಡಿಯಲ್ಲೇ ಸಿಗುತ್ತದೆ, ಮನುಷ್ಯರ ಮೇಲೆ ಬಳಸಲೆಂದೇ ಮಾಡಿದ್ದು ಅಲ್ಲೂ ನಿಷಿದ್ಧ.