ರೇಟಿಂಗ್ ಕೊಡುವವರ ಹತ್ತಿರ ಕಷ್ಟ ಹೇಳಿಕೊಳ್ಳೋದು ಹೇಗೆ?

(ಗುರುತು ಸಿಗದಂತೆ ಹೆಸರು, ವಿವರ ಬದಲಿಸಿದ್ದೇನೆ.)

ರಘು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಟೆಕ್ ಲೀಡ್, ಅಂದರೆ ಟೀಮಿನ ತಾಂತ್ರಿಕ ಕೆಲಸದ ಮುಖ್ಯಸ್ಥ. ಹೋದ ವರ್ಷ ಪ್ರಮೋಷನ್ ಜೊತೆ ಒಂಬತ್ತು ಜನರ ಮ್ಯಾನೇಜರ್ ಕೆಲಸವೂ ಹೆಗಲಿಗೆ ಬಿತ್ತು. ನಿದ್ದೆ ಬರುತ್ತಿಲ್ಲ ಅಂತ ನನ್ನ ಹತ್ತಿರ ಕೌನ್ಸೆಲಿಂಗ್‌ಗೆ ಬಂದರು. ಹಗಲೆಲ್ಲ ಮೀಟಿಂಗ್, ಮಗು ಮಲಗಿದ ಮೇಲೆ ಕೋಡ್ ರಿವ್ಯೂ, ಅಂದರೆ ಬೇರೆಯವರು ಬರೆದ ಕೋಡ್ ಪರಿಶೀಲನೆ.

"ಮೇಡಂ, ಟೀಮಿನಲ್ಲಿ ಯಾರೂ ನನ್ನ ಹತ್ತಿರ ಬಾಯಿ ಬಿಡಲ್ಲ" ಅಂದರು. ಒಂದು ಉದಾಹರಣೆ ಹೇಳಿ ಅಂದೆ. ಹೊಸದಾಗಿ ಸೇರಿದ ಹುಡುಗಿಯ ಪುಲ್ ರಿಕ್ವೆಸ್ಟ್‌ಗೆ (ತಾನು ಬರೆದ ಕೋಡ್ ನೋಡಿ ಸೇರಿಸಿಕೊಳ್ಳಿ ಎಂಬ ಕೋರಿಕೆ) ಒಂದು ರಾತ್ರಿ ಉದ್ದಕ್ಕೂ ಕಾಮೆಂಟ್ ಹಾಕಿ, ಕೊನೆಗೆ ತಾವೇ ಕೋಡ್ ತಿದ್ದಿ ಬರೆದರಂತೆ. ಮರುದಿನ ಇಬ್ಬರೇ ಕೂತು ಮಾತಾಡುವ ಒನ್-ಆನ್-ಒನ್ ಮೀಟಿಂಗ್‌ನಲ್ಲಿ "ಏನಾದ್ರೂ ಕಷ್ಟ ಇದ್ಯಾ?" ಅಂತ ಕೇಳಿದರು. "ಏನಿಲ್ಲ, ಎಲ್ಲ ಓಕೆ" ಅಂದಳು. ಮುಂದಿನ ತಿಂಗಳು ರಾಜೀನಾಮೆ ಕೊಟ್ಟಳು.

ಅವಳಾದರೂ ಏನು ಹೇಳಬೇಕಿತ್ತು? ಕೋಡ್‌ನಲ್ಲಿ ತಪ್ಪು ಹುಡುಕುವವರೂ ಇವರೇ, ಅಪ್ರೈಸಲ್‌ನಲ್ಲಿ ರೇಟಿಂಗ್ ಹಾಕುವವರೂ ಇವರೇ. "ಇದು ನನಗೆ ಅರ್ಥವಾಗಿಲ್ಲ" ಎಂದರೆ ಇನ್‌ಕ್ರಿಮೆಂಟ್‌ಗೆ ಕತ್ತರಿ ಬೀಳುತ್ತದೆ ಅನ್ನೋ ಭಯ. ಡಿಸೈನ್ ಚರ್ಚೆಯಲ್ಲೂ "ಇದು ಸರಿಯಿಲ್ಲ" ಎನ್ನುವ ಧೈರ್ಯ ಯಾರಿಗೂ ಬರುವುದಿಲ್ಲ. ರಘು ಒಳ್ಳೆಯ ಮನುಷ್ಯ. ಎರಡೂ ಅಧಿಕಾರ ಒಂದೇ ಕೈಗೆ ಬಂದಾಗ ಎಂಥವರಿಗೂ ಹೀಗಾಗುತ್ತದೆ.

"ಎರಡರಲ್ಲಿ ಯಾವುದನ್ನು ಬಿಡಬಹುದು?" ಅಂತ ಕೇಳಿದೆ. "ಮ್ಯಾನೇಜರ್ ಕೆಲಸ" ಅಂದವರು ಹಾಗೇ ಸುಮ್ಮನಾದರು. ಊರಲ್ಲಿ ಅಪ್ಪ "ಮಗ ಮ್ಯಾನೇಜರ್" ಅಂತ ಎಲ್ಲರಿಗೂ ಹೇಳಿಕೊಂಡು ಬಂದಿದ್ದಾರೆ. ಮನೆ ಸಾಲದ ಇಎಂಐ ಬೇರೆ.

ಮ್ಯಾನೇಜರ್ ಆಗದೆಯೂ ಮೇಲೇರುವ ದಾರಿ ಹಲವು ಕಂಪನಿಗಳಲ್ಲಿದೆ. ಸ್ಟಾಫ್ ಎಂಜಿನಿಯರ್, ಪ್ರಿನ್ಸಿಪಲ್ ಎಂಜಿನಿಯರ್ ಹುದ್ದೆಗಳು ಇರುವುದೇ ಅದಕ್ಕೆ. ಗ್ರೇಡ್, ಸಂಬಳ ಅಷ್ಟೇ ಉಳಿಯುತ್ತದಾ ಅಂತ ಎಚ್‌ಆರ್‌ಗೆ ಮೇಲ್ ಹಾಕಿ ಕೇಳಿ, ಬಾಯಿಮಾತು ಬೇಡ ಎಂದೆ. ಆಮೇಲೆ ಬಾಸ್ ಜೊತೆ ಕೂತು ಕೆಲಸ ಹಂಚಿಕೊಳ್ಳಿ. ಡಿಸೈನ್, ಕೋಡ್ ಗುಣಮಟ್ಟ ನಿಮ್ಮದು. ರಜೆ, ರೇಟಿಂಗ್, ಬಡ್ತಿ ಹೊಸ ಮ್ಯಾನೇಜರ್‌ದು. ಅವರು ನಿಮ್ಮ ಅಭಿಪ್ರಾಯ ಕೇಳಲಿ, ತೀರ್ಮಾನ ಅವರದೇ ಇರಲಿ. ಡೆಡ್‌ಲೈನ್ ಮಾತ್ರ ಇಬ್ಬರೂ ಸೇರಿಯೇ ಒಪ್ಪಬೇಕು, ಇಲ್ಲದಿದ್ದರೆ ಟೀಮ್ ನಡುವೆ ಸಿಕ್ಕಿ ಒದ್ದಾಡುತ್ತದೆ. ನಾಲ್ಕೈದು ಜನರ ಟೀಮ್ ಆಗಿದ್ದರೆ ಈ ಸಲಹೆ ಕೊಡುತ್ತಿರಲಿಲ್ಲ, ಅಲ್ಲಿ ಒಬ್ಬರೇ ಎರಡನ್ನೂ ನೋಡಿಕೊಳ್ಳಬಹುದು.

"ಬರುವವರಿಗೆ ನನ್ನಷ್ಟು ಟೆಕ್ನಿಕಲ್ ಜ್ಞಾನ ಬೇಡ್ವಾ?" ಅಂತ ಕೇಳಿದರು. ಬೇಕು, ಆದರೆ ನಿಮ್ಮಷ್ಟು ಬೇಕಿಲ್ಲ. ಗೂಗಲ್ ನಡೆಸಿದ ಪ್ರಾಜೆಕ್ಟ್ ಆಕ್ಸಿಜನ್ ಅಧ್ಯಯನ ಒಳ್ಳೆಯ ಮ್ಯಾನೇಜರ್‌ನ ಎಂಟು ಗುಣಗಳನ್ನು ಪಟ್ಟಿ ಮಾಡಿತ್ತು. ಅದರಲ್ಲಿ ಟೆಕ್ನಿಕಲ್ ಕೌಶಲ ಇದ್ದದ್ದು ಕೊನೆಯಲ್ಲಿ.

ಗ್ರೇಡ್ ಬದಲಾಗಲ್ಲ ಎಂದು ಎಚ್‌ಆರ್ ಉತ್ತರ ಬಂದಿದೆ. ಹೊಸಬರು ಬರುವ ತನಕ ರಾತ್ರಿ ಬೇರೆಯವರ ಕೋಡ್ ತಿದ್ದುವುದು ಬೇಡ, ಹಗಲು ಪಕ್ಕದಲ್ಲಿ ಕೂತು ತೋರಿಸಿಕೊಡಿ ಎಂದಿದ್ದೇನೆ. ರಘು ಅಪ್ಪನಿಗೆ ಇನ್ನೂ ಹೇಳಿಲ್ಲ. ಮುಂದಿನ ಸೆಷನ್‌ನಲ್ಲಿ ಅದನ್ನೇ ಮಾತಾಡಬೇಕು.